ಕೋಲಾರ ಜಿಲ್ಲೆಯ ಸೊಪ್ಪು, ತರಕಾರಿ, ಹಣ್ಣು ನಮ್ಮ ತಟ್ಟೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಜಿಲ್ಲೆಯಿಂದ ಪ್ರತಿದಿನ ಟೊಮೆಟೊ, ಎಲೆಕೋಸು, ಬೀನ್ಸ್, ಕ್ಯಾಪ್ಸಿಕಂ ತುಂಬಿದ ಲಾರಿಗಳು ಬೆಂಗಳೂರಿಗೂ ಚೆನ್ನೈಗೂ ಅದಕ್ಕಿಂತ ದೂರದ ಊರುಗಳಿಗೂ ಹೊರಡುತ್ತವೆ. ಅದೇ ಜಿಲ್ಲೆಯ ಅನೇಕ ಮನೆಗಳಲ್ಲಿ ಅನ್ನ, ತಿಳಿಸಾರು, ಉಪ್ಪಿನಕಾಯಿಗೇ ಊಟ ಮುಗಿಯುತ್ತದೆ. ಈ ಅಂತರವನ್ನು ಮನೆಮಟ್ಟದಲ್ಲಿ ಎಷ್ಟು ತಗ್ಗಿಸಬಹುದು ಎಂಬುದನ್ನು ಗಮನದಲ್ಲಿಟ್ಟು ಈ ಉತ್ತರಗಳನ್ನು ಬರೆಯಲಾಗಿದೆ. ಹೇಳಿರುವ ಬಹಳಷ್ಟು ಸಂಗತಿಗಳು ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಗೂ ಅನ್ವಯಿಸುತ್ತವೆ.

ಒಬ್ಬ ವ್ಯಕ್ತಿ ದಿನಕ್ಕೆ ಎಷ್ಟು ತರಕಾರಿ, ಹಣ್ಣು ತಿನ್ನಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ಮತ್ತು ತರಕಾರಿ ತಿನ್ನಬೇಕು. ಆಲೂಗಡ್ಡೆಯಂಥ ಪಿಷ್ಟದ ಗೆಡ್ಡೆಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಇದಕ್ಕಿಂತ ಸ್ವಲ್ಪ ಮುಂದೆ ಹೋಗಿ, 2000 ಕ್ಯಾಲೊರಿಯ ಊಟಕ್ಕೆ ಸೊಪ್ಪೂ ಸೇರಿದಂತೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಬೇಕೆನ್ನುತ್ತದೆ. ನಾಲ್ವರು ದೊಡ್ಡವರಿರುವ ಮನೆಗೆ ಇದು ದಿನಕ್ಕೆ ಸುಮಾರು ಒಂದೂವರೆ ಕಿಲೊ ತರಕಾರಿ. ಸಾರಿಗೆ ಹಾಕುವ ಎರಡು ಟೊಮೆಟೊ, ಒಗ್ಗರಣೆಯ ಒಂದು ಈರುಳ್ಳಿಯನ್ನೇ ತರಕಾರಿ ಎಂದು ಎಣಿಸುವ ಮನೆಗಳು ಈ ಪ್ರಮಾಣದಿಂದ ಬಹಳ ಹಿಂದೆ ಉಳಿದಿರುತ್ತವೆ. ಒಂದೇ ಸಲ ಅಷ್ಟಕ್ಕೆ ಏರುವುದು ಸಾಧ್ಯವಿಲ್ಲದಿದ್ದರೆ, ದಿನದ ಒಂದು ಊಟದಲ್ಲಾದರೂ ಅನ್ನ ಅಥವಾ ಮುದ್ದೆಯಷ್ಟೇ ಜಾಗವನ್ನು ಪಲ್ಯಕ್ಕೂ ಕೊಡುವುದರಿಂದ ಆರಂಭಿಸಬಹುದು.

ಹತ್ತಿರದಲ್ಲಿ ಬೆಳೆದದ್ದೇ ಏಕೆ? ದೂರದಿಂದ ಬಂದದ್ದೂ ತರಕಾರಿಯೇ ಅಲ್ಲವೇ?

ತರಕಾರಿಯೇ, ಸಂದೇಹವಿಲ್ಲ. ದೂರದ ಸೇಬಿಗಿಂತ ಊರಿನ ಯಾವುದೇ ಪದಾರ್ಥ ತಾನಾಗಿಯೇ ಶ್ರೇಷ್ಠ ಎಂದು ಹೇಳುವುದು ಸರಿಯಲ್ಲ. ಆದರೆ ಸೊಪ್ಪಿನ ವಿಷಯದಲ್ಲಿ ದೂರಕ್ಕೂ ಸಮಯಕ್ಕೂ ನಿಜವಾಗಿ ಬೆಲೆ ಇದೆ. ಕಿತ್ತ ಕ್ಷಣದಿಂದಲೇ ಸೊಪ್ಪಿನಲ್ಲಿರುವ ಸಿ ಜೀವಸತ್ವ ಮತ್ತು ಫೋಲೇಟ್ ಕಡಿಮೆಯಾಗತೊಡಗುತ್ತವೆ. ಬಿಸಿಲು, ಗಾಳಿ, ಬಾಡುವಿಕೆ ಆ ನಷ್ಟವನ್ನು ತೀವ್ರಗೊಳಿಸುತ್ತವೆ. ಬೆಳಿಗ್ಗೆ ಕಿತ್ತು ಮಧ್ಯಾಹ್ನ ಬೇಯಿಸಿದ ದಂಟಿನ ಸೊಪ್ಪಿಗೂ ಎರಡು ದಿನ ಗೋಣಿಯಲ್ಲಿ ಬೆಂದು ಬಂದ ಸೊಪ್ಪಿಗೂ ರುಚಿಯಲ್ಲಿ ಕಾಣುವ ವ್ಯತ್ಯಾಸ ಪೌಷ್ಟಿಕತೆಯಲ್ಲೂ ಇರುತ್ತದೆ. ಕುಂಬಳ, ಗೆಣಸು, ಈರುಳ್ಳಿಯಂಥವು ಮಾತ್ರ ಪ್ರಯಾಣವನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಹೀಗಾಗಿ ಹತ್ತಿರದ್ದನ್ನೇ ಕೊಳ್ಳಬೇಕೆಂಬ ಹಟವನ್ನು ಮೊದಲು ಸೊಪ್ಪು ಮತ್ತು ಎಳೆಯ ಕಾಯಿಗಳಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟೊಂದು ತರಕಾರಿ ಬೆಳೆಯುವ ಜಿಲ್ಲೆಯಲ್ಲಿ ತಿನ್ನುವುದು ಏಕೆ ಕಡಿಮೆ?

ಕಾರಣಗಳು ಹಲವು, ಮತ್ತು ಅವುಗಳನ್ನು ಬಡತನವೆಂಬ ಒಂದೇ ಮಾತಿನಲ್ಲಿ ಮುಗಿಸಲಾಗದು. ನಮ್ಮಲ್ಲಿ ತರಕಾರಿ ಬೆಳೆಯುವುದು ಮುಖ್ಯವಾಗಿ ಮಾರುಕಟ್ಟೆಗಾಗಿ. ಸಾವಿರ ಅಡಿಗೂ ಆಳದ ಕೊಳವೆಬಾವಿ ಕೊರೆಸಿ, ಹನಿ ನೀರಾವರಿ ಹಾಕಿಸಿ, ಸಸಿ, ಕೋಲು, ಔಷಧಿಗೆ ಸಾಲ ಮಾಡಿದ ರೈತರಿಗೆ ಎಕರೆಗಟ್ಟಲೆ ಒಂದೇ ಬೆಳೆ ಇಡುವುದು ಅನಿವಾರ್ಯವಾಗುತ್ತದೆ. ಟೊಮೆಟೊ ಇಟ್ಟವರ ಮನೆಯಲ್ಲಿ ಟೊಮೆಟೊ ಮಾತ್ರ ಇರುತ್ತದೆ. ಉಳಿದ ತರಕಾರಿಯನ್ನು ಅವರೂ ಅಂಗಡಿಯಲ್ಲಿ ಕೊಳ್ಳಬೇಕು. ಕೋಲಾರದ ಎ.ಪಿ.ಎಂ.ಸಿ. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಅಲ್ಲಿ ವ್ಯವಹಾರ ನಡೆಯುವುದು 15 ಕಿಲೊ ಬಾಕ್ಸ್‌ಗಳ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಬೆಲೆ ಕುಸಿದ ದಿನಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಬದಿಗೆ ಸುರಿದದ್ದನ್ನೂ ಜಿಲ್ಲೆಯ ಜನ ಕಂಡಿದ್ದಾರೆ.

ಎರಡನೆಯ ಕಾರಣ ಮಾರಾಟದ ದಾರಿ. ಒಳ್ಳೆಯ ಮಾಲು ಹಳ್ಳಿಯಿಂದ ನೇರವಾಗಿ ಮಂಡಿಗೆ ಹೋಗುತ್ತದೆ, ಮಂಡಿಯಿಂದ ನಗರಕ್ಕೆ ಹೋಗುತ್ತದೆ. ಹಳ್ಳಿಯ ಚಿಲ್ಲರೆ ಅಂಗಡಿಗೆ ಮರಳಿ ಬರುವುದು ಆಲೂಗಡ್ಡೆ, ಈರುಳ್ಳಿ ಮತ್ತು ಎರಡು ದಿನ ಹಳೆಯದಾದ ಬದನೆಕಾಯಿ. ಅದೇ ಅಂಗಡಿಯಲ್ಲಿ ಐದು ರೂಪಾಯಿಯ ಕುರುಕಲು ಪೊಟ್ಟಣ ಮಾತ್ರ ವರ್ಷವಿಡೀ ಸಿಗುತ್ತದೆ.

ಮೂರನೆಯದು ಸಮಯ. ಬೆಳಿಗ್ಗೆ ಆರಕ್ಕೆ ಕೂಲಿಗೆ ಅಥವಾ ಗಾರ್ಮೆಂಟ್ಸ್ ಬಸ್ಸಿಗೆ ಹೊರಡುವ ಹೆಣ್ಣುಮಗಳಿಗೆ ಸೊಪ್ಪು ಬಿಡಿಸಿ, ತೊಳೆದು, ಹೆಚ್ಚಿ ಬೇಯಿಸುವಷ್ಟು ಹೊತ್ತು ಇರುವುದಿಲ್ಲ. ಆರೋಗ್ಯಕರ ಊಟದ ಬಗ್ಗೆ ಮಾತನಾಡುವವರು ಈ ಸಂಗತಿಯನ್ನು ಬಹಳ ಸಲ ಮರೆಯುತ್ತಾರೆ. ಸೊಪ್ಪು ಬಿಡಿಸುವ, ಅವರೆಕಾಯಿ ಸುಲಿಯುವ ಕೆಲಸಕ್ಕೆ ಮನೆಯ ಗಂಡಸರೂ ಮಕ್ಕಳೂ ಕೂರದೆ ಇದ್ದರೆ ಈ ಪುಟದ ಯಾವ ಸಲಹೆಯೂ ಹೆಚ್ಚು ದಿನ ನಡೆಯುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಯಾವ ಕಾಲದಲ್ಲಿ ಯಾವುದನ್ನು ಕೊಳ್ಳಬೇಕು?

ಕಾಲದ ಬೆಳೆ ಅಗ್ಗವಾಗಿಯೂ ತಾಜಾ ಆಗಿಯೂ ಇರುತ್ತದೆ. ಮಳೆ ಬಿದ್ದ ಮೇಲೆ, ಜೂನ್‌ನಿಂದ ಅಕ್ಟೋಬರ್‌ವರೆಗೆ, ಹೊಲದ ಸೊಪ್ಪುಗಳಿಗೂ ಹೀರೆ, ಸೋರೆ, ಪಡವಲ, ಕುಂಬಳದಂಥ ಬಳ್ಳಿಕಾಯಿಗಳಿಗೂ ಒಳ್ಳೆಯ ಕಾಲ. ಮಳೆಗಾಲದ ಆರಂಭದಲ್ಲಿ ನೇರಳೆ, ಅದರ ಕೊನೆಯಲ್ಲಿ ಸೀತಾಫಲ ಬರುತ್ತವೆ. ನವೆಂಬರ್ ಕಳೆದು ಇಬ್ಬನಿ ಬೀಳತೊಡಗಿದರೆ ಅವರೆಕಾಯಿ ಬರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಸೊಗಡಿನ ಅವರೆ, ತೊಗರಿಕಾಯಿ, ಅಲಸಂದೆ, ಗೆಣಸು, ಕಡಲೆಕಾಯಿ ಎಲ್ಲವೂ ಸಂತೆಯಲ್ಲಿರುತ್ತವೆ. ಹಿತುಕಿದ ಬೇಳೆಯ ಸಾರನ್ನು ಹಬ್ಬದ ರುಚಿಯಾಗಿ ಮಾತ್ರ ನೋಡಬಾರದು: ಹಸಿ ಅವರೆ ಪ್ರೋಟೀನನ್ನೂ ನಾರನ್ನೂ ಒಟ್ಟಿಗೆ ಕೊಡುವ ಕಾಳು, ಮತ್ತು ಆ ಎರಡು ಮೂರು ತಿಂಗಳು ವಾರಕ್ಕೆ ಹಲವು ಸಲ ತಿಂದರೂ ಒಳ್ಳೆಯದೇ. ಮೇಯಿಂದ ಜುಲೈವರೆಗೆ ಶ್ರೀನಿವಾಸಪುರದ ಮಾವು. ನುಗ್ಗೆ, ಪರಂಗಿ, ಬಾಳೆ, ಕರಿಬೇವು, ನಿಂಬೆ ಹೆಚ್ಚು ಕಡಿಮೆ ವರ್ಷವಿಡೀ ದೊರೆಯುತ್ತವೆ.

ಸೇಬು, ಕಿತ್ತಳೆ ಕೊಳ್ಳುವ ಶಕ್ತಿ ಇಲ್ಲ. ಮಕ್ಕಳಿಗೆ ಯಾವ ಹಣ್ಣು ಕೊಡಬಹುದು?

ಸೀಬೆಹಣ್ಣು ಕೊಡಿ. ನೂರು ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಸಿ ಜೀವಸತ್ವ ಇರುತ್ತದೆ, ಇದು ಕಿತ್ತಳೆಯ ಹಲವು ಪಟ್ಟು. ಪರಂಗಿ, ನೆಲ್ಲಿಕಾಯಿ, ಬಾಳೆ, ಕಾಲಕ್ಕೆ ತಕ್ಕಂತೆ ನೇರಳೆ ಮತ್ತು ಸೀತಾಫಲ ಇವೆಲ್ಲ ಸೇಬಿಗೆ ಯಾವ ವಿಧದಲ್ಲೂ ಕಡಿಮೆಯಲ್ಲ. ಕಾಯಿಲೆ ಬಿದ್ದವರನ್ನು ನೋಡಲು ಹೋಗುವಾಗಲೂ ಸೇಬಿನ ಬದಲು ಸೀಬೆ ಒಯ್ಯುವುದರಲ್ಲಿ ಸಂಕೋಚ ಬೇಕಿಲ್ಲ.

ಕಡಿಮೆ ಹಣದಲ್ಲಿ ತಾಜಾ ತರಕಾರಿಯನ್ನು ಎಲ್ಲಿ ಕೊಳ್ಳಬಹುದು?

ಮೊದಲ ಆಯ್ಕೆ ವಾರದ ಸಂತೆ. ಅಲ್ಲಿ ಬೆಳೆದವರೇ ಕೂತು ಮಾರುವ ಸಾಲುಗಳನ್ನು ಗುರುತಿಟ್ಟುಕೊಳ್ಳಿ. ಕಂತೆ ಸಣ್ಣದಾಗಿ, ಬೇರಿನಲ್ಲಿ ಮಣ್ಣು ಹಸಿಯಾಗಿ, ಮುಂದೆ ಮೂರು ನಾಲ್ಕು ಬಗೆ ಮಾತ್ರ ಇದ್ದರೆ ಅದು ಬಹುತೇಕ ಅವರ ಹೊಲದ್ದೇ ಆಗಿರುತ್ತದೆ. ಸಂಜೆ ಬೆಲೆ ಇಳಿಯುತ್ತದೆ. ಆದರೆ ಸೊಪ್ಪನ್ನು ಬೆಳಿಗ್ಗೆ, ಗಟ್ಟಿ ತರಕಾರಿಯನ್ನು ಸಂಜೆ ಕೊಳ್ಳುವುದು ಲಾಭ.

ಎರಡನೆಯದು ಹಾಪ್‌ಕಾಮ್ಸ್ ಮಳಿಗೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಆರಂಭವಾದ ಈ ಸಂಸ್ಥೆಯ ವ್ಯಾಪ್ತಿಯಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳೂ ಇವೆ. ತೂಕ ಮತ್ತು ಬೆಲೆಯ ಮೇಲೆ ನಂಬಿಕೆ ಇಡಬಹುದು.

ಮೂರನೆಯದು, ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಮೂಡಿಸುವುದು, ಒಟ್ಟಾಗಿ ಕೊಳ್ಳುವುದು. ಒಂದು ಮನೆಗೆ 15 ಕಿಲೊ ಟೊಮೆಟೊ ಬೇಡ, ಆದರೆ ಐದು ಮನೆಗಳಿಗೆ ತಲಾ ಮೂರು ಕಿಲೊ ಬೇಕೇ ಬೇಕು. ಬೀದಿಯ ನಾಲ್ಕೈದು ಮನೆಯವರು ಅಥವಾ ಒಂದು ಸ್ತ್ರೀಶಕ್ತಿ ಸಂಘದವರು ವಾರಕ್ಕೊಮ್ಮೆ ಒಬ್ಬರನ್ನು ಕಳಿಸಿ ತರಿಸಿಕೊಂಡರೆ ಸಗಟು ಬೆಲೆಯೂ ಸಿಗುತ್ತದೆ, ಬಸ್ಸಿನ ಖರ್ಚೂ ಹಂಚಿಹೋಗುತ್ತದೆ. ಪರಿಚಯದ ರೈತರಿದ್ದರೆ ಮಂಡಿಗೆ ಹೋಗುವ ಮೊದಲೇ ಹೊಲದ ಬದುವಿನಲ್ಲಿ ಕೊಳ್ಳಬಹುದು. ಆಗ ದಯವಿಟ್ಟು ಮಂಡಿಯ ಬೆಲೆಗಿಂತ ಒಂದೆರಡು ರೂಪಾಯಿ ಹೆಚ್ಚೇ ಕೊಡಿ; ಅವರಿಗೆ ಕಮಿಷನ್ ಮತ್ತು ಸಾಗಣೆಯ ವೆಚ್ಚ ಉಳಿದಿರುತ್ತದಾದರೂ, ಚಿಲ್ಲರೆಯಾಗಿ ತೂಗಿ ಕೊಡುವ ಶ್ರಮ ಅವರದೇ ಆಗಿರುತ್ತದೆ.

ಬೆರಕೆ ಸೊಪ್ಪು ಎಂದರೆ ಬಡವರ ಊಟ ಎನ್ನುತ್ತಾರೆ. ಅದರಲ್ಲಿ ಏನಿದೆ?

ಹೊಲದಲ್ಲಿ, ಬದುವಿನಲ್ಲಿ ತಾನಾಗಿ ಬೆಳೆಯುವ ಅಣ್ಣೆ, ಕನ್ನೆ, ಗಣಿಕೆ, ಹೊನಗೊನ್ನೆ, ಕೀರೆ ಮುಂತಾದವನ್ನು ಕಲೆಸಿ ಕೊಯ್ದು ತಂದದ್ದೇ ಬೆರಕೆ ಸೊಪ್ಪು. ಹಣ ಕೊಟ್ಟು ಕೊಳ್ಳುವ ಎಲೆಕೋಸಿಗಿಂತ ಇಂಥ ಕಡುಹಸಿರು ಸೊಪ್ಪುಗಳಲ್ಲಿ ಕಬ್ಬಿಣ, ಕ್ಯಾಲ್ಸಿಯಂ, ಎ ಜೀವಸತ್ವದ ಮೂಲವಾದ ಕೆರೋಟಿನ್ ಹೆಚ್ಚಿರುತ್ತವೆ. ಕೊಂಡು ತರುವ ದಂಟು ಮತ್ತು ನುಗ್ಗೆ ಸೊಪ್ಪಿನಲ್ಲೂ ನೂರು ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. 2019–20ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಅಂಥ ರಾಜ್ಯದಲ್ಲಿ ಈ ಸೊಪ್ಪನ್ನು ಬಡತನದ ಗುರುತಾಗಿ ಕಾಣುವುದು ದೊಡ್ಡ ನಷ್ಟ.

ಮೂರು ಎಚ್ಚರಿಕೆಗಳಿವೆ. ಕಳೆನಾಶಕ ಹೊಡೆದ ಹೊಲದಿಂದ, ಚರಂಡಿಯ ಅಂಚಿನಿಂದ, ಹೆದ್ದಾರಿಯ ಬದಿಯಿಂದ ಸೊಪ್ಪು ಕೀಳಬಾರದು. ಸೊಪ್ಪಿನ ಗುರುತು ಬಲ್ಲ ಹಿರಿಯರ ಜೊತೆ ಹೋಗಿ ಕಲಿಯದೆ ಒಬ್ಬರೇ ಕೊಯ್ಯಲು ಹೊರಡಬಾರದು; ಉಮ್ಮತ್ತಿಯಂಥ ವಿಷದ ಗಿಡಗಳೂ ಅದೇ ಬದುವಿನಲ್ಲಿ ಬೆಳೆಯುತ್ತವೆ. ರಕ್ತಹೀನತೆಗೆ ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟಿದ್ದರೆ ಸೊಪ್ಪು ತಿನ್ನುತ್ತಿದ್ದೇವೆಂದು ಅದನ್ನು ನಿಲ್ಲಿಸಬಾರದು.

ಸೊಪ್ಪು ಬೇಯಿಸಿದರೆ ಸತ್ವ ಹೋಗುವುದಿಲ್ಲವೇ?

ಸ್ವಲ್ಪ ಹೋಗುತ್ತದೆ. ಸಿ ಜೀವಸತ್ವ ಶಾಖಕ್ಕೆ ನಾಶವಾಗುತ್ತದೆ. ನೀರಿನಲ್ಲಿ ಕರಗುವ ಇತರ ಜೀವಸತ್ವಗಳು ಬೇಯಿಸಿದ ನೀರಿಗೆ ಇಳಿಯುತ್ತವೆ. ನಮ್ಮ ಬಸ್ಸಾರಿನ ಜಾಣತನ ಇರುವುದು ಇಲ್ಲೇ. ಸೊಪ್ಪು ಮತ್ತು ಕಾಳನ್ನು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಅದರಿಂದಲೇ ಸಾರು ಮಾಡುತ್ತೇವೆ, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತೇವೆ. ಕಾಳಿನ ಪ್ರೋಟೀನ್, ಸೊಪ್ಪಿನ ಕಬ್ಬಿಣ, ಹುಣಸೆಹುಳಿ, ಬೆಳ್ಳುಳ್ಳಿ ಎಲ್ಲವೂ ಒಂದೇ ಊಟದಲ್ಲಿ ಬರುತ್ತವೆ. ಮಸ್ಸೊಪ್ಪಿನಲ್ಲೂ ನೀರು ಚೆಲ್ಲುವ ಮಾತಿಲ್ಲ. ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಿರಿ, ಹೆಚ್ಚಿದ ಮೇಲೆ ನೆನೆಹಾಕಬೇಡಿ, ಬೆಂದ ಕೂಡಲೇ ಇಳಿಸಿ. ಬಡಿಸುವಾಗ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣವನ್ನು ದೇಹ ಹೆಚ್ಚು ಹೀರಿಕೊಳ್ಳುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ಟೀಗೆ ಒಂದು ಗಂಟೆಯ ಅಂತರವಿರಲಿ.

ಸಕ್ಕರೆ ಕಾಯಿಲೆ ಇರುವವರು ಮುದ್ದೆಯನ್ನು ಎಷ್ಟು ಬೇಕಾದರೂ ತಿನ್ನಬಹುದೇ?

ಇಲ್ಲ. ರಾಗಿ ಅತ್ಯುತ್ತಮ ಧಾನ್ಯ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಂ ಆಸುಪಾಸಿನಲ್ಲಿದೆ; ನಾರಿನ ಅಂಶವೂ ಅಕ್ಕಿಗಿಂತ ಹಲವು ಪಟ್ಟು ಹೆಚ್ಚು. ಆದರೆ ರಾಗಿಯ ಮೂರನೇ ಎರಡು ಭಾಗದಷ್ಟು ಪಿಷ್ಟವೇ. ನುಣ್ಣಗೆ ಬೀಸಿ, ಜರಡಿ ಹಿಡಿದ ಹಿಟ್ಟಿನ ಎರಡು ದೊಡ್ಡ ಮುದ್ದೆ ತಿಂದರೆ ರಕ್ತದ ಸಕ್ಕರೆ ಏರುತ್ತದೆ. ಮುದ್ದೆಯ ಗಾತ್ರ ಚಿಕ್ಕದಿರಲಿ, ಹಿಟ್ಟನ್ನು ಜರಡಿ ಹಿಡಿಯದೆ ಬಳಸಿ, ಜೊತೆಗೆ ಹುರುಳಿ, ಅಲಸಂದೆ ಅಥವಾ ಸೊಪ್ಪಿನ ಸಾರು ಧಾರಾಳವಾಗಿರಲಿ.

ಮೊಳಕೆ ಕಟ್ಟಿ, ಒಣಗಿಸಿ ಬೀಸಿದ ರಾಗಿಯಲ್ಲಿ ಖನಿಜಗಳನ್ನು ಹೀರಿಕೊಳ್ಳಲು ಅಡ್ಡಿಯಾಗುವ ಫೈಟೇಟ್ ಅಂಶ ಕಡಿಮೆಯಾಗುತ್ತದೆ. ಮಕ್ಕಳ ಗಂಜಿಗೆ ಅದು ಒಳ್ಳೆಯದು. ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ಪಡಿತರದ ಜೊತೆ ರಾಗಿ ಕೊಡುವ ವ್ಯವಸ್ಥೆ ಇದ್ದು, ಪ್ರಮಾಣ ಆಗಾಗ ಬದಲಾಗುತ್ತದೆ. ನಿಮ್ಮ ನ್ಯಾಯಬೆಲೆ ಅಂಗಡಿಯಲ್ಲಿ ಕೇಳಿ ಪಡೆಯಿರಿ, ಪಡೆದದ್ದನ್ನು ಮಾರದೆ ಬಳಸಿ.

ಔಷಧಿ ಹೊಡೆದ ತರಕಾರಿಯ ಭಯಕ್ಕೆ ತರಕಾರಿಯನ್ನೇ ಕಡಿಮೆ ಮಾಡಬೇಕೇ?

ಕಡಿಮೆ ಮಾಡಬಾರದು. ತರಕಾರಿ ತಿನ್ನದಿರುವುದರಿಂದ ಆಗುವ ಹಾನಿ ನಿಶ್ಚಿತವಾದದ್ದು. ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದರೆ ಮೇಲ್ಮೈಯಲ್ಲಿರುವ ಔಷಧಿ, ಧೂಳು ಬಹಳಷ್ಟು ಹೋಗುತ್ತವೆ. ಸಿಪ್ಪೆ ತೆಗೆಯುವುದು, ಎಲೆಕೋಸಿನ ಹೊರಪದರ ಬಿಸಾಡುವುದು, ಬೇಯಿಸುವುದು ಇನ್ನಷ್ಟು ಸಹಾಯ ಮಾಡುತ್ತವೆ. ಗಿಡದ ಒಳಗೇ ಹೀರಲ್ಪಡುವ ಔಷಧಿಗಳನ್ನು ಮಾತ್ರ ಯಾವ ಉಪ್ಪುನೀರೂ ತೆಗೆಯಲಾರದು. ಅದಕ್ಕೆ ಪರಿಹಾರ ಹೊಲದಲ್ಲಿದೆ: ಪ್ರತಿ ಔಷಧಿಗೂ ಸಿಂಪಡಿಸಿದ ಮೇಲೆ ಕೊಯ್ಲಿಗೆ ಮುನ್ನ ಕಾಯಬೇಕಾದ ದಿನಗಳಿರುತ್ತವೆ, ಡಬ್ಬಿಯ ಜೊತೆಗಿನ ಚೀಟಿಯಲ್ಲಿ ಅದನ್ನು ಮುದ್ರಿಸಿರುತ್ತಾರೆ. ಬೆಲೆ ಏರಿದ ದಿನ ಆ ಅಂತರವನ್ನು ಮುರಿಯುವ ಆಸೆ ಬಲವಾಗಿರುತ್ತದೆ. ಕೊಳ್ಳುವವರು ಪರಿಚಯದ ರೈತರನ್ನು ನೇರವಾಗಿ ಕೇಳುವ ರೂಢಿ ಬೆಳೆಸಿಕೊಂಡರೆ ಅದರ ಪರಿಣಾಮ ಖಂಡಿತ ಇರುತ್ತದೆ. ಹೂಕೋಸು, ಬದನೆ, ಕ್ಯಾಪ್ಸಿಕಂಗಳಿಗೆ ಹೋಲಿಸಿದರೆ ನುಗ್ಗೆ, ಕುಂಬಳ, ಗೆಣಸು, ಬಾಳೆಕಾಯಿಗಳಿಗೆ ಔಷಧಿಯ ಬಳಕೆ ಸಾಮಾನ್ಯವಾಗಿ ಕಡಿಮೆ. ಸಾವಯವ ಎಂಬ ಬೋರ್ಡನ್ನಷ್ಟೇ ನೋಡಿ ಹೆಚ್ಚು ಹಣ ಕೊಡಬೇಡಿ; ಪ್ರಮಾಣಿತ ಸಾವಯವ ಪದಾರ್ಥದ ಮೇಲಿರುವ ಜೈವಿಕ್ ಭಾರತ್ ಚಿಹ್ನೆ ಅಥವಾ ರೈತರ ಗುಂಪುಗಳು ಪರಸ್ಪರ ಪರಿಶೀಲಿಸಿ ಕೊಡುವ ಪಿ.ಜಿ.ಎಸ್. ಪ್ರಮಾಣಪತ್ರ ಇದೆಯೇ ಎಂದು ಕೇಳಿ.

ಕೆ.ಸಿ. ವ್ಯಾಲಿ ನೀರು ಬರುವ ಕೆರೆಗಳ ಸುತ್ತಿನ ತರಕಾರಿ ತಿನ್ನಬಹುದೇ?

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ತ್ಯಾಜ್ಯನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತರ್ಜಲ ಹೆಚ್ಚಿಸುವುದು ಯೋಜನೆಯ ಉದ್ದೇಶ. ಕೆರೆಯ ನೀರನ್ನು ಪಂಪು ಮಾಡಿ ನೇರವಾಗಿ ಬೆಳೆಗೆ ಹಾಯಿಸುವುದು ಆ ಉದ್ದೇಶದಲ್ಲಿ ಸೇರಿಲ್ಲ. ಕೊಳವೆಬಾವಿಗಳಲ್ಲಿ ನೀರು ಏರಿದ್ದರಿಂದ ಅನೇಕ ರೈತರಿಗೆ ಅನುಕೂಲವಾಗಿರುವುದೂ ನಿಜ, ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ನ್ಯಾಯವಾದದ್ದೆಂಬುದೂ ನಿಜ. ತಿನ್ನುವವರ ದೃಷ್ಟಿಯಿಂದ ಸುರಕ್ಷಿತ ಕ್ರಮ ಇಷ್ಟು: ಹಸಿಯಾಗಿ ತಿನ್ನುವ ಸೌತೆ, ಕ್ಯಾರೆಟ್, ಮೂಲಂಗಿ, ಕೊತ್ತಂಬರಿ, ಪುದೀನವನ್ನು ಕೊಳವೆಬಾವಿಯ ನೀರಿನಲ್ಲಿ ಬೆಳೆದವರಿಂದ ಕೊಳ್ಳಿ, ಎಲ್ಲಿಯದೆಂದು ತಿಳಿಯದ ಸೊಪ್ಪನ್ನು ಚೆನ್ನಾಗಿ ತೊಳೆದು, ಪೂರ್ತಿ ಬೇಯಿಸಿಯೇ ತಿನ್ನಿ.

ನಮ್ಮೂರ ನೀರಿನಲ್ಲಿ ಫ್ಲೋರೈಡ್ ಇದೆ. ಊಟಕ್ಕೂ ಅದಕ್ಕೂ ಸಂಬಂಧ ಇದೆಯೇ?

ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ ಮಿತಿ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಅವಕಾಶವಿದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಆದ್ದರಿಂದ ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಳ್ಳದೆ ಮುದ್ದೆ, ಸಾರು, ಅನ್ನಕ್ಕೂ ಬಳಸಬೇಕು. ಕ್ಯಾಲ್ಸಿಯಂ ಕೊರತೆ ಇರುವ ಮಕ್ಕಳಲ್ಲಿ ಫ್ಲೋರೈಡಿನ ಹಾನಿ ತೀವ್ರವಾಗುತ್ತದೆ. ಹಾಲು, ಮೊಸರು, ರಾಗಿ, ಸೊಪ್ಪು, ಸೀಬೆ, ನೆಲ್ಲಿಕಾಯಿಗಳು ಈ ಜಿಲ್ಲೆಯ ಮಕ್ಕಳಿಗೆ ಹೆಚ್ಚು ಅಗತ್ಯವಾಗಿರುವುದಕ್ಕೆ ಇದೂ ಒಂದು ಕಾರಣ.

ಕಾರ್ಬೈಡ್ ಹಾಕಿದ ಮಾವನ್ನು ಗುರುತಿಸುವುದು ಹೇಗೆ?

ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಗಿಸುವುದನ್ನು ಕಾನೂನು ನಿಷೇಧಿಸಿದೆ. ನಿಗದಿತ ಪ್ರಮಾಣದ ಎಥಿಲೀನ್ ಅನಿಲಕ್ಕೆ ಅನುಮತಿ ಇದೆ. ಹೊರಗೆ ಒಂದೇ ಸಮನೆ ಹಳದಿಯಾಗಿದ್ದು, ಒಳಗೆ ಹುಳಿಯಾಗಿ, ಪರಿಮಳವೇ ಇಲ್ಲದ ಹಣ್ಣಿನ ಬಗ್ಗೆ ಸಂಶಯಪಡಬೇಕು. ಬಲಿತ ಬಾದಾಮಿ ಅಥವಾ ರಸಪುರಿ ಕಾಯಿಯನ್ನೇ ತಂದು ಮನೆಯಲ್ಲಿ ಹುಲ್ಲಿನ ನಡುವೆ ಹಣ್ಣಾಗಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಶಾಲೆ ಮತ್ತು ಅಂಗನವಾಡಿಯಲ್ಲಿ ಮಕ್ಕಳಿಗೆ ಏನು ಸಿಗಬೇಕು?

ಮಧ್ಯಾಹ್ನದ ಬಿಸಿಯೂಟದ ನಿಯಮದಂತೆ 1ರಿಂದ 5ನೇ ತರಗತಿಯ ಪ್ರತಿ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 6ರಿಂದ 8ನೇ ತರಗತಿಗೆ 150, 30 ಮತ್ತು 75 ಗ್ರಾಂ. ಕ್ಷೀರಭಾಗ್ಯದ ಹಾಲು 2013ರಿಂದ ಬರುತ್ತಿದೆ. ಮೊಟ್ಟೆಯನ್ನೂ, ಅದನ್ನು ತಿನ್ನದವರಿಗೆ ಬಾಳೆಹಣ್ಣನ್ನೂ ಕೊಡುತ್ತಾರೆ. ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ರಾಜ್ಯದಾದ್ಯಂತ ಜಾರಿಯಾಯಿತು. ಈ ಪ್ರಮಾಣಗಳನ್ನು ತಿಳಿದುಕೊಂಡ ತಂದೆತಾಯಿ ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಸಾಂಬಾರಿನ ತರಕಾರಿಯ ಬಗ್ಗೆ ವಿನಯದಿಂದಲೇ ಕೇಳಬಹುದು. ಅಡುಗೆಯವರ ಮೇಲೆ ದೂರು ಹೊರಿಸುವ ಬದಲು, ಊರಿನ ರೈತರು ಸುಗ್ಗಿಯಲ್ಲಿ ಒಂದೊಂದು ಬುಟ್ಟಿ ಕುಂಬಳ, ಸೊಪ್ಪು, ಟೊಮೆಟೊ ಶಾಲೆಗೆ ಕೊಡುವ ಪದ್ಧತಿ ಹಾಕಿಕೊಂಡರೆ ಆ ಐವತ್ತು ಗ್ರಾಂ ಸುಲಭವಾಗಿ ದಾಟುತ್ತದೆ.

ಮನೆಯಲ್ಲಿ ಫ್ರಿಜ್ ಇಲ್ಲ. ತರಕಾರಿ ಕೆಡದಂತೆ ಇಡುವುದು ಹೇಗೆ?

ಸೊಪ್ಪಿನ ಬೇರು ಕತ್ತರಿಸದೆ, ಒದ್ದೆ ಹತ್ತಿಬಟ್ಟೆಯಲ್ಲಿ ಸುತ್ತಿ, ಮಣ್ಣಿನ ಮಡಕೆಯ ಪಕ್ಕದ ತಂಪಿನಲ್ಲಿ ನಿಲ್ಲಿಸಿದರೆ ಮಾರನೆಯ ದಿನದವರೆಗೆ ಬಾಡುವುದಿಲ್ಲ. ಟೊಮೆಟೊವನ್ನು ತೊಟ್ಟು ಕೆಳಮುಖವಾಗಿ ಒಂದೇ ಪದರದಲ್ಲಿ ಹರಡಿಡಿ. ಸಂತೆಯ ದಿನ ಮತ್ತು ಮರುದಿನ ಸೊಪ್ಪು, ಆಮೇಲೆ ಬೀನ್ಸ್, ಬದನೆ, ವಾರದ ಕೊನೆಗೆ ಕುಂಬಳ, ಗೆಣಸು, ಒಣಕಾಳು ಎಂದು ಕ್ರಮ ಮಾಡಿಕೊಂಡರೆ ಎಸೆಯುವುದು ಬಹಳ ಕಡಿಮೆಯಾಗುತ್ತದೆ. ಟೊಮೆಟೊ ಅಗ್ಗವಾದಾಗ ತೊಕ್ಕು ಮಾಡಿಡಿ. ಬಲಿತ ಅವರೆಯನ್ನು ಒಣಗಿಸಿ ಡಬ್ಬಿಗೆ ಹಾಕಿ.

ಜಾಗವೂ ನೀರೂ ಕಡಿಮೆ ಇರುವಾಗ ಕೈತೋಟ ಸಾಧ್ಯವೇ?

ಸಾಧ್ಯ, ಆದರೆ ಎಲ್ಲವನ್ನೂ ಬೆಳೆಯಲು ಹೋಗಬಾರದು. ಬಚ್ಚಲಿನ ನೀರು ಹೋಗುವ ಕಡೆ ಒಂದು ನುಗ್ಗೆ, ಒಂದು ಪರಂಗಿ, ಒಂದು ಬಾಳೆ ಇರಲಿ. ಆ ನೀರನ್ನು ಮರಗಳ ಬುಡಕ್ಕೆ ಹಾಯಿಸಬಹುದು, ಸೊಪ್ಪಿನ ಮಡಿಗೆ ಬೇಡ. ತರಕಾರಿ, ಅಕ್ಕಿ ತೊಳೆದ ನೀರು ಎರಡು ಮಡಿ ದಂಟು, ಮೆಂತ್ಯ, ಕೊತ್ತಂಬರಿಗೆ ಸಾಕಾಗುತ್ತದೆ. ಮೆಂತ್ಯ, ದಂಟು ಮೂರು ನಾಲ್ಕು ವಾರದಲ್ಲಿ ಕೊಯ್ಲಿಗೆ ಬರುತ್ತವೆ, ಹದಿನೈದು ದಿನಕ್ಕೊಮ್ಮೆ ಒಂದು ಮಡಿ ಬಿತ್ತಿದರೆ ಸೊಪ್ಪು ನಿಲ್ಲುವುದಿಲ್ಲ. ಚಪ್ಪರಕ್ಕೆ ಒಂದು ಚಪ್ಪರದವರೆ ಬಳ್ಳಿ, ಕಾಂಪೌಂಡಿನ ಮೇಲೆ ಒಂದು ಬಸಳೆ. ಬೀಜ, ಸಸಿ ಮತ್ತು ಸಲಹೆಗೆ ತಾಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನೂ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನೂ ವಿಚಾರಿಸಬಹುದು.

ಯಾರಾದರೂ ಸೊಪ್ಪು, ಹಣ್ಣಿನ ವಿಷಯದಲ್ಲಿ ಎಚ್ಚರದಿಂದಿರಬೇಕೇ?

ಮೂತ್ರಪಿಂಡದ ಕಾಯಿಲೆಯಿಂದ ಪೊಟ್ಯಾಸಿಯಂ ಮಿತಿಗೊಳಿಸಬೇಕಾದವರು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣ ಬದಲಾಯಿಸುವ ಮುನ್ನ ತಮ್ಮ ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆ ಇರುವವರು ಮಾವು, ಹಲಸು, ದ್ರಾಕ್ಷಿಯನ್ನು ಊಟವಾದ ಕೂಡಲೇ ತಿನ್ನದೆ, ಸ್ವಲ್ಪವೇ, ಬೇರೆ ಹೊತ್ತಿನಲ್ಲಿ ತಿನ್ನುವುದು ಒಳ್ಳೆಯದು.